ಸೋಮವಾರದ ರಾಹುಕಾಲವೂ ಒಂದು ಕಾಂಗರೂವೂ

ಸುದ್ದಿ ಬಂದಾಗ ನಾನು ಅವರೆಕಾಳು ಹಿದುಕುತ್ತಿದ್ದೆ. ರಾತ್ರಿಯೆಲ್ಲ ನೆನೆದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಟಕ್ಕನೆ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬುದ್ಧಿ ಬೇಡದ, ಹೊತ್ತು ಮಾತ್ರ ಬೇಡುವ ಕೆಲಸ. ಮೈಸೂರಿನಲ್ಲಿ ನಾಲ್ಕು ಜನ ಕೂತು ಊರ ಸುದ್ದಿಯನ್ನೆಲ್ಲ ಆಡುತ್ತ ಮಾಡುತ್ತಿದ್ದುದನ್ನು ಇಲ್ಲಿ ಲಂಡನ್ನಿನ ಹೌನ್ಸ್ಲೋದಲ್ಲಿ, ಗುಜರಾತಿ ಅಂಗಡಿಯ ಫ್ರೋಜನ್ ಪೊಟ್ಟಣ ಒಡೆದು, ಒಬ್ಬಳೇ ಕೂತು ಮಾಡಬೇಕು. ಆದರೆ ಆ ಸೋಮವಾರ ಬೆಳಗ್ಗೆ ನನಗೆ ಬೇಕಾಗಿದ್ದದ್ದೇ ಹೊತ್ತು ತಿನ್ನುವ ಕೆಲಸ. ಏಕೆಂದರೆ ಗಂಟೆ ಇನ್ನೂ ಎಂಟೂ ಐವತ್ತು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಒಂಬತ್ತು ದಾಟಿದ ಮೇಲೆ, ಇರಲಿ ಅಂತ ಇನ್ನೈದು ನಿಮಿಷ ಬಿಟ್ಟು, ಆಸ್ಟ್ರೇಲಿಯಾದಲ್ಲಿದ್ದ ನಮ್ಮ ಯಜಮಾನರಿಗೆ ಫೋನ್ ಮಾಡುವುದು ನನ್ನ ಪದ್ಧತಿ.

ಅಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ರಾಹುಕಾಲದಲ್ಲಿ ನಾವಾಗಿ ಯಾವುದನ್ನೂ ಶುರು ಮಾಡಬಾರದು ಸರಿ, ಆದರೆ ತಾನಾಗಿ ಬಂದ ಫೋನನ್ನು ಎತ್ತಬಹುದೇ ಎಂಬುದರ ಬಗ್ಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಯೋಚಿಸಿದೆ. ಆರನೇ ಸಲ ಹೊಡೆದುಕೊಂಡಾಗ ಎತ್ತಿದೆ.

ಆ ಕಡೆಯಿಂದ ಬೆವ್ ಎಂಬಾಕೆ ಮಾತಾಡಿದಳು. ನಮ್ಮವರು ಬಾಡಿಗೆಗಿದ್ದ ಮನೆಯ ಒಡತಿ, ಕುರಿ ಸಾಕುವವಳು. ಅವಳ ಇಂಗ್ಲಿಷು ನಮ್ಮ ಲಂಡನ್ನಿನ ಇಂಗ್ಲಿಷಿನ ಹಾಗಲ್ಲ, ಸುತ್ತುಬಳಸು ಇಲ್ಲ. "ನಿನ್ನ ಡಾಕ್ಟರು ಚೆನ್ನಾಗಿದ್ದಾರೆ, ಮೊದಲು ಅದನ್ನು ಕಿವಿಗೆ ಹಾಕಿಕೋ. ಕಾರು ಚೆನ್ನಾಗಿಲ್ಲ. ಕಾಂಗರೂ ಹೊಡೆದಿದೆ."

ನಾನು ಗೋಡೆ ಹಿಡಿದುಕೊಂಡು ಕೂತೆ. ಕುರ್ಚಿ ಎರಡೇ ಹೆಜ್ಜೆಯಲ್ಲಿತ್ತು, ನೆಲದ ಮೇಲೇ ಕೂತೆ.

ಇದನ್ನು ಸರಿಯಾಗಿ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಯಜಮಾನರು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ದುಡಿದವರು. ಆಪರೇಷನ್ನಿಗೆ ಮುಂಚೆ ಜನರಿಗೆ ಜ್ಞಾನ ತಪ್ಪಿಸುವ ಡಾಕ್ಟರು. ಮನೆಯಲ್ಲೂ ಅವರು ಮಾತಾಡಲು ಶುರು ಮಾಡಿದರೆ ನಮಗೆ ನಿದ್ದೆ ಬರುತ್ತದೆ ಎಂದು ನಮ್ಮ ಮಗಳು ಪಲ್ಲವಿ ಹೇಳುತ್ತಾಳೆ. ಆ ವರ್ಷ ಆಸ್ಟ್ರೇಲಿಯಾದ ಯಾವುದೋ ಒಳನಾಡಿನ ಊರಿಗೆ ಒಂದು ವರ್ಷದ ಮಟ್ಟಿಗೆ ಡಾಕ್ಟರು ಬೇಕೆಂದು ಜಾಹೀರಾತು ಬಂತು. ಎಂದೂ ಯಾವುದಕ್ಕೂ ಆಸೆಪಡದ ಮನುಷ್ಯ ಆ ಕಾಗದವನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡಿದರು. ಪಲ್ಲವಿಗೆ ಮುಂದಿನ ವರ್ಷ ಹತ್ತನೇ ತರಗತಿಯ ದೊಡ್ಡ ಪರೀಕ್ಷೆ, ಹಾಗಾಗಿ ನಾವಿಬ್ಬರೂ ಇಲ್ಲೇ ಇರುವುದು, ಅವರು ಜನವರಿಗೆ ಹೋಗಿ ಡಿಸೆಂಬರಿಗೆ ಬರುವುದು ಎಂದಾಯಿತು. "ಹೋಗಿ ಬನ್ನಿ, ಒಂದು ವರ್ಷ ಏನು ಮಹಾ" ಎಂದವಳು ನಾನೇ. ನನ್ನ ಬಾಯಿಂದಲೇ ಬಂದದ್ದು.

ವಿಮಾನ ನಿಲ್ದಾಣ ಹತ್ತಿರ, ನಮ್ಮ ಹಿತ್ತಲ ಮೇಲಿಂದ ನಿಮಿಷಕ್ಕೊಂದು ವಿಮಾನ ಇಳಿಯುತ್ತದೆ. ಅಷ್ಟು ವರ್ಷ ಅದು ನನಗೆ ಬರೀ ಸದ್ದು. ವಿಮಾನ ಹೋಗುವ ತನಕ ಮಾತು ನಿಲ್ಲಿಸಿ, ಹೋದ ಮೇಲೆ ಅದೇ ವಾಕ್ಯವನ್ನು ಮುಂದುವರಿಸುವುದನ್ನು ಹೌನ್ಸ್ಲೋದ ಹೆಂಗಸರೆಲ್ಲ ಕಲಿತಿರುತ್ತೇವೆ. ಜನವರಿಯ ನಂತರ ಮಾತ್ರ, ಬಟ್ಟೆ ಒಣಹಾಕುವಾಗ ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು ತಲೆಯೆತ್ತಿ ನೋಡುವ ಚಾಳಿ ಶುರುವಾಯಿತು. "ಮಮ್, ಅದು ಆಮ್‌ಸ್ಟರ್‌ಡ್ಯಾಮ್‌ನಿಂದ ಬರ್ತಿರೋದು" ಎಂದು ಪಲ್ಲವಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಾನೇನು ಕೇಳಿದ್ದೆನೇ ಅವಳನ್ನು?

ಫೋನಿಗೆ ಸಮಯ ಗೊತ್ತು ಮಾಡಿದವಳೂ ನಾನೇ. ಬೆಳಗ್ಗೆ ಎಂಟೂವರೆ. ಆ ಹೊತ್ತಿಗೆ ಪಲ್ಲವಿ ಶಾಲೆಗೆ ಹೋಗಿರುತ್ತಾಳೆ, ನನ್ನ ಪೂಜೆ ಮುಗಿದಿರುತ್ತದೆ, ಎರಡನೇ ಕಾಫಿ ಕೈಯಲ್ಲಿರುತ್ತದೆ. ಸಂಜೆ ಮಾಡಬಹುದಿತ್ತು. ಆದರೆ ಫೋನಿರುವುದು ನಡುಮನೆಯಲ್ಲಿ, ಮಗಳು ಅದರ ಪಕ್ಕದ ಸೋಫಾದಲ್ಲೇ ಪುಸ್ತಕ ಹರಡಿಕೊಂಡು ಕೂತಿರುತ್ತಾಳೆ. ಹದಿನೈದು ವರ್ಷದ ಹುಡುಗಿಯ ಎದುರಿಗೆ ಗಂಡನ ಹತ್ತಿರ ಮಾತಾಡಲು ನನಗೆ ನಾಚಿಕೆ. ಒಬ್ಬಳೇ ಇದ್ದರೆ ನಾಲ್ಕು ಮಾತು ಮನಸ್ಸು ಬಿಚ್ಚಿ ಆಡಬಹುದಲ್ಲ ಎಂದು ಬೆಳಗಿನ ಹೊತ್ತನ್ನು ಆರಿಸಿಕೊಂಡೆ.

ಇನ್ನು ಮನಸ್ಸು ಬಿಚ್ಚಿ ಆಡಿದ್ದೇನು ಎಂದು ಕೇಳಿ. "ತಲೆಗೆ ಎಣ್ಣೆ ಹಚ್ಚಿಕೊಂಡ್ರಾ?" "ಮೊಸರು ಹೆಪ್ಪಾಗ್ತಿದೆಯಾ ಅಲ್ಲಿ?" "ಬಾಯ್ಲರ್‌ನವನು ಬಂದಿದ್ದ, ವಾಲ್ವ್ ಹೋಗಿದೆಯಂತೆ." ಅವರು ಆ ಕಡೆಯಿಂದ "ಹೂಂ" ಅನ್ನುವುದು. ಹನ್ನೆರಡು ಸಾವಿರ ಮೈಲಿಯೋ ಹತ್ತು ಸಾವಿರವೋ, ಸಮುದ್ರದ ಕೆಳಗೆ ತಂತಿಯಲ್ಲೋ ಆಕಾಶದಲ್ಲೋ, ನನ್ನ ಬಾಯ್ಲರಿನ ವಾಲ್ವ್ ದಿನವೂ ಅಷ್ಟು ದೂರ ಪ್ರಯಾಣ ಮಾಡಿ ಬರುತ್ತಿತ್ತು. ಮೇ ತಿಂಗಳಲ್ಲಿ ಒಂದು ದಿನ ಅವರು, "ಇನ್ನೊಂದು ವರ್ಷ ಇದ್ದುಬಿಡಿ ಅಂತ ಕೇಳ್ತಿದ್ದಾರೆ ಕಣೆ. ಜೂನ್ ಕೊನೆಯೊಳಗೆ ಹೇಳಬೇಕು. ನೀನೇನಂತೀಯ?" ಎಂದರು. ಬೇಡ ಎನ್ನಬೇಕೆಂದಿದ್ದೆ. ಬಾಯಿ ಮಾತ್ರ, "ನಿಮ್ಮಿಷ್ಟ. ನಾವು ಹೇಗೋ ಇರ್ತೀವಿ" ಎಂದಿತು. ಅವರು, "ಹೂಂ, ನೋಡೋಣ" ಎಂದರು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನು ದಿನವೂ ದೇವರ ಮುಂದೆ ಎತ್ತುತ್ತಿದ್ದೆ, ಅದು ಬೇರೆ. ದೇವರ ಹತ್ತಿರ ಹೇಳಿದ್ದು ಗಂಡನಿಗೆ ತಲುಪಬೇಕೆಂದರೆ ದೇವರೇನು ಟೆಲಿಫೋನ್ ಆಪರೇಟರೇ?

ಕಾಂಗರೂ ವಿಷಯ ಮೊದಲು ಬಂದದ್ದು ಏಪ್ರಿಲಿನಲ್ಲಿ. ಅಲ್ಲಿನ ಆಸ್ಪತ್ರೆಯಿಂದ ಅವರ ಮನೆಗೆ ಮೂವತ್ತು ಮೈಲಿ, ದಾರಿಯಲ್ಲಿ ಒಂದು ದೀಪದ ಕಂಬವಿಲ್ಲ, ರಸ್ತೆಗೆ ಕಾಂಗರೂಗಳು ನುಗ್ಗುತ್ತವೆ ಎಂದು ತಮಾಷೆಯಾಗಿ ಹೇಳಿದರು. ನಾನು ನಗಲಿಲ್ಲ. "ದನ ಅಡ್ಡ ಬಂದ ಹಾಗೇನೋ?" ಎಂದೆ. "ದನ ನಿಂತು ಯೋಚನೆ ಮಾಡುತ್ತೆ ಕಣೆ. ಇದು ಹಾರಿದ ಮೇಲೆ ಯೋಚನೆ ಮಾಡುತ್ತೆ" ಎಂದರು. ಬೆವ್‌ಳ ಗಂಡ ರಾನ್ ಅವರಿಗೆ ಪಾಠ ಮಾಡಿದ್ದನಂತೆ: ಒಂದು ದಾಟಿತೆಂದು ಗಾಡಿ ಓಡಿಸಬಾರದು, ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಎದುರಿಗೆ ಬಂದರೆ ಪಕ್ಕಕ್ಕೆ ತಿರುಗಿಸಬಾರದು, ಮರಕ್ಕೆ ಹೋಗಿ ಗುದ್ದುತ್ತೀಯ; ನೆಟ್ಟಗೆ ಬ್ರೇಕ್ ಹಾಕಬೇಕು. ದೊಡ್ಡ ದೀಪ ಆರಿಸಬೇಕು, ಇಲ್ಲದಿದ್ದರೆ ಅದಕ್ಕೆ ಕಣ್ಣು ಕೋರೈಸಿ ನಿನ್ನ ಕಡೆಗೇ ಹಾರುತ್ತದೆ. ಇನ್ನೂ ಒಂದು ಪಾಠ ಇತ್ತು. ಅದನ್ನು ನಮ್ಮವರು ನನಗೆ ಹೇಳಲೇ ಇಲ್ಲ.

ನಾನು ಸುಮ್ಮನಿರುತ್ತೇನೆಯೇ? ಪಕ್ಕದ ಫೆಲ್ಥಮ್‌ನಲ್ಲಿ ನನ್ನ ಸ್ನೇಹಿತೆ ಗಿರಿಜಕ್ಕ ಇದ್ದಾಳೆ, ಧಾರವಾಡದವಳು. ಅವಳ ತಮ್ಮನ ಹೆಂಡತಿಯ ಅಣ್ಣ ಮೆಲ್ಬರ್ನಿನಲ್ಲಿ ಇರುವುದರಿಂದ ಅವಳು ಕಾಂಗರೂಗಳ ವಿಷಯದಲ್ಲಿ ಅಧಿಕಾರವಾಣಿ. "ಏ, ನಿಂಬಿಹಣ್ಣು ಮಂತ್ರಿಸಿ ಕಳಸು. ಗಾಲಿ ಕೆಳಗ ಒಂದು, ಬಾನೆಟ್ಟಿನ್ಯಾಗ ಒಂದು. ಯಾವ ಪ್ರಾಣಿನೂ ಮುಟ್ಟಂಗಿಲ್ಲ ನೋಡು" ಎಂದಳು. ಕಳಿಸಿದೆ. ಎರಡು ನಿಂಬೆಹಣ್ಣು, ಕುಂಕುಮದ ಪೊಟ್ಟಣ, ಡ್ಯಾಶ್‌ಬೋರ್ಡಿಗೆ ಅಂಟಿಸಲು ಒಬ್ಬ ಆಂಜನೇಯ. ಆ ದೇಶದವರು ಹೊರಗಿನ ಹಣ್ಣುಹಂಪಲನ್ನು ಒಳಗೆ ಬಿಡುವುದಿಲ್ಲವಂತೆ. ನಿಂಬೆಹಣ್ಣುಗಳನ್ನು ಪತ್ತೆಹಚ್ಚಿ ನಾಶಪಡಿಸಲಾಗಿದೆ ಎಂದು ನಮ್ಮವರಿಗೆ ಬಹಳ ಮರ್ಯಾದೆಯ ಕಾಗದ ಬಂತು. ಆಂಜನೇಯನನ್ನು ಒಳಗೆ ಬಿಟ್ಟರು. "ಹೋಗ್ಲಿ ಬಿಡ, ಹಣುಮಪ್ಪ ಒಬ್ಬನ ಸಾಕು. ಅವಗೂ ಹಾರೂದು ಗೊತ್ತದ" ಎಂದಳು ಗಿರಿಜಕ್ಕ.

ಹೀಗೆ ನಿಂಬೆಹಣ್ಣು ಕಳಿಸಿದವಳಿಗೆ ಗಡಿಯಾರ ನೋಡಲು ತೋಚಲಿಲ್ಲ. ಜನವರಿಯಲ್ಲಿ ನಾನು ಎಂಟೂವರೆಗೆ ಫೋನ್ ಮಾಡಿದರೆ ಅಲ್ಲಿ ಸಂಜೆ ಏಳೂವರೆ. ಅವರಿಗೆ ಬೇಸಿಗೆ, ಇನ್ನೂ ಬಿಸಿಲು. ಮಾರ್ಚಿ ಕಳೆಯುವುದರೊಳಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು, ಅಲ್ಲಿ ಒಂದು ಗಂಟೆ ಹಿಂದೆ ಬಂತು. ನನ್ನ ಎಂಟೂವರೆ ಅಲ್ಲಿಯ ಐದೂವರೆ ಆಯಿತು. ಜೂನಿನಲ್ಲಿ ನಮಗೆ ರಾತ್ರಿ ಒಂಬತ್ತರವರೆಗೆ ಬೆಳಕಿದ್ದರೆ ಅವರಿಗೆ ಚಳಿಗಾಲ, ಐದು ಗಂಟೆಗೇ ಹೊತ್ತು ಮುಳುಗುತ್ತದೆ. ಇದೆಲ್ಲ ಪಲ್ಲವಿಯ ಭೂಗೋಳದ ಪುಸ್ತಕದಲ್ಲೇ ಇದೆ. ನಾನು ನೋಡುತ್ತಿದ್ದದ್ದು ಮೈಸೂರಿನಿಂದ ನನ್ನ ತಮ್ಮ ಕಳಿಸಿಕೊಟ್ಟ ಪಂಚಾಂಗ. ಅದರ ಪ್ರಕಾರ ವಾರದ ಬೇರೆ ದಿನಗಳಲ್ಲಿ ಎಂಟೂವರೆಗೆ ಅಡ್ಡಿಯಿಲ್ಲ, ಸೋಮವಾರ ಮಾತ್ರ ರಾಹುಕಾಲ. ಗಂಡನ ಜೊತೆ ವಾರದ ಮೊದಲ ಮಾತು ರಾಹುಕಾಲದಲ್ಲಿ ಬೇಡವೆಂದು, ಸೋಮವಾರಕ್ಕೆ ಒಂಬತ್ತೂ ಐದು ಎಂದು ಗೊತ್ತು ಮಾಡಿದ್ದೆ. "ಯಾವ ದೇಶದ ರಾಹು ಅದು? ನಿಂದೋ ನಂದೋ?" ಎಂದು ಅವರು ಒಂದೇ ಸಲ ಕೇಳಿದ್ದರು. "ರಾಹುವಿಗೆ ವೀಸಾ ಬೇಕಾಗಿಲ್ಲ" ಎಂದು ಬಾಯಿ ಮುಚ್ಚಿಸಿದ್ದೆ.

ಈಗ ಬೆವ್‌ಳ ಫೋನಿಗೆ ಬರುತ್ತೇನೆ. ನೆಲದ ಮೇಲೆ ಕೂತು, "ಎಲ್ಲಿ ಪೆಟ್ಟಾಗಿದೆ?" ಎಂದು ಕೇಳಿದೆ. ಸೀಟ್ ಬೆಲ್ಟಿನಿಂದ ಎದೆ ಕಂದುಗಟ್ಟಿದೆ, ಒಂದು ಪಕ್ಕೆಲುಬು ಸೀಳಿರಬಹುದು, ಕನ್ನಡಕ ಒಡೆದಿದೆ, ಅಷ್ಟೇ ಎಂದಳು. ರಾನ್ ಅದೇ ದಾರಿಯಲ್ಲಿ ಬರುತ್ತಿದ್ದವನು ನೋಡಿ ಆಸ್ಪತ್ರೆಗೆ ವಾಪಸ್ ಕರೆದುಕೊಂಡು ಹೋದನಂತೆ. "ಅವರದೇ ಆಸ್ಪತ್ರೆ, ಅವರದೇ ಮಂಚ. ಎಕ್ಸ್‌ರೇ ತಾವೇ ನೋಡಿಕೊಳ್ಳುತ್ತಿದ್ದಾರೆ" ಎಂದು ನಕ್ಕಳು.

"ಕಾಂಗರೂ?" ಎಂದೆ. ನನ್ನ ಬಾಯಿಂದ ಅದು ಯಾಕೆ ಬಂತೋ. ಒಂದು ಜೀವ ಹೋಗಿದ್ದರೆ ಆ ಪಾಪ ಅವರ ತಲೆಗೆ ಬರುತ್ತದಲ್ಲ, ಅದರ ಹೊಟ್ಟೆಯ ಚೀಲದಲ್ಲಿ ಮರಿ ಇದ್ದಿದ್ದರೆ ಎಂದು ಆ ಕ್ಷಣದಲ್ಲೂ ಹೊಳೆದುಬಿಟ್ಟಿತು.

"ಗಂಡು ಅದು. ದೊಡ್ಡದು. ಎದ್ದು ಮೈ ಕೊಡವಿಕೊಂಡು ತನ್ನ ದಾರಿ ಹಿಡಿದು ಹೋಯಿತಂತೆ. ಗ್ಯಾರೇಜಿಗೆ ಹೋಗಬೇಕಾಗಿರುವುದು ನಿನ್ನ ಗಂಡನ ಕಾರು."

ಎರಡೂ ಜೀವ ಉಳಿದವಲ್ಲ ಎಂದು ಕೈಮುಗಿದೆ. ದಿನವೂ ರಾತ್ರಿ ದೀಪದ ಮುಂದೆ ಕೂತು ಅಂದು ದೇವರು ಮಾಡಿದ ಉಪಕಾರಗಳನ್ನು ಎಣಿಸುವುದು ನನಗೆ ಅಭ್ಯಾಸ. ಹಾಲು ಉಕ್ಕಲಿಲ್ಲ, ಬಸ್ಸು ಕಾಯಿಸಲಿಲ್ಲ, ಇಂಥವೇ. ಅವತ್ತು ಬೆಳಗ್ಗೆ ಒಂಬತ್ತಕ್ಕೆ ಮುಂಚೆಯೇ ಕೈಬೆರಳು ಸಾಲದಾಯಿತು. ಆದರೆ ಬೆವ್ ಫೋನ್ ಇಡಲಿಲ್ಲ.

"ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಹೊತ್ತು ಮುಳುಗುವಾಗ ತೀರಾ ಅಗತ್ಯವಿಲ್ಲದೆ ಯಾರೂ ಗಾಡಿ ತೆಗೆಯುವುದಿಲ್ಲ. ಕಾಂಗರೂಗಳು ಹೊರಗೆ ಬರುವ ಹೊತ್ತು ಅದು. ಒಂದೋ ಬೆಳಕಿರುವಾಗಲೇ ಹೊರಡಬೇಕು, ಇಲ್ಲ ಆಸ್ಪತ್ರೆಯಲ್ಲೇ ಮಲಗಬೇಕು. ಮಂಚ ಇದೆ ಅಲ್ಲಿ. ನಾನು ಹೇಳಿದೆ, ರಾನ್ ಹೇಳಿದ. ನಿನ್ನ ಡಾಕ್ಟರು ಕೇಳುವುದಿಲ್ಲ. ಕೆಲಸ ಮುಗಿದ ಕೂಡಲೇ ಕೀಲಿ ತೆಗೆದುಕೊಂಡು ಓಡುತ್ತಾರೆ. ಯಾಕೆ ಎಂದರೆ, 'ನನ್ನ ಹೆಂಡತಿ ಫೋನ್ ಮಾಡುತ್ತಾಳೆ' ಎನ್ನುತ್ತಾರೆ. ಸೋಮವಾರ ಮಾತ್ರ ಇನ್ನೂ ತಡ. ಸೋಮವಾರ ಏನು ವಿಶೇಷ ನಿಮ್ಮ ಕಡೆ?"

ಸೋಮವಾರ ಏನು ವಿಶೇಷ ಎಂದು ಆ ಹೆಂಗಸಿಗೆ ನಾನು ಯಾವ ಇಂಗ್ಲಿಷಿನಲ್ಲಿ ಹೇಳಲಿ?

ಫೋನ್ ಇಟ್ಟೆ. ನಿಮಗೆ ನಮ್ಮ ಯಜಮಾನರು ಗೊತ್ತಿಲ್ಲ. ಓಡುವ ಮನುಷ್ಯ ಅಲ್ಲ ಅವರು. ನಮ್ಮ ಮದುವೆಯ ಮುಹೂರ್ತಕ್ಕೇ, ಪಂಚೆ ಸರಿಯಾಗಿ ನಿಲ್ಲಲಿಲ್ಲವೆಂದು ಪುರೋಹಿತರನ್ನು ಕಾಯಿಸಿದವರು. ಗ್ರೇಟ್ ವೆಸ್ಟ್ ರಸ್ತೆಯಲ್ಲಿ ಅವರು ಕಾರು ಓಡಿಸುವಾಗ ಹಿಂದಿನ ಬಸ್ಸಿನವನು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗಿ ಕೊನೆಗೆ ಕೈಬೀಸುತ್ತ ಹೋಗುತ್ತಾನೆ. ಅಪ್ಪ ಓಡಿಸುವ ಕಾರಿನಲ್ಲಿ ಇಡ್ಲಿ ಹಿಟ್ಟು ತುಂಬಿದ ಪಾತ್ರೆ ಇಟ್ಟರೂ ತುಳುಕುವುದಿಲ್ಲ ಎಂದು ಪಲ್ಲವಿಯ ಲೆಕ್ಕ. ಆ ಮನುಷ್ಯ ದಿನವೂ ಮಬ್ಬುಗತ್ತಲಲ್ಲಿ, ಕಂಬವಿಲ್ಲದ ರಸ್ತೆಯಲ್ಲಿ, ಕಾಂಗರೂಗಳ ಮಧ್ಯೆ ಮೂವತ್ತು ಮೈಲಿ ಓಡುತ್ತಿದ್ದರು. ಯಾತಕ್ಕೆ? ಬಾಯ್ಲರ್‌ನವನು ಬಂದಿದ್ದನೇ ಇಲ್ಲವೇ ಎಂದು ತಿಳಿದುಕೊಳ್ಳಲಿಕ್ಕೆ.

ರಾಹುವನ್ನು ನಾನು ಬೈಯುವುದಿಲ್ಲ. ತನ್ನ ಒಂದೂವರೆ ಗಂಟೆಯನ್ನು ಅವನು ಮುಚ್ಚುಮರೆಯಿಲ್ಲದೆ ಹೇಳಿಟ್ಟಿದ್ದಾನೆ. ಅದನ್ನು ತಪ್ಪಿಸಲು ಹೋಗಿ ಗಂಡನನ್ನು ಕತ್ತಲಿಗೆ ದೂಡಿದವಳು ನಾನು.

ಮಾರನೆಯ ದಿನ ಆಸ್ಪತ್ರೆಯ ಫೋನಿಗೆ ಮಾಡಿ ಒಂದೇ ನಿಮಿಷ ಮಾತಾಡಿದೆ. ದನಿ ಕ್ಷೀಣವಾಗಿತ್ತು, ನಕ್ಕರೆ ಪಕ್ಕೆ ನೋಯುತ್ತದಂತೆ. "ರಾನ್ ಹೇಳಿದ ಹಾಗೇ ಮಾಡಿದೆ ಕಣೆ. ಒಂದು ದಾಟಿತು, ನಿಲ್ಲಿಸಿದೆ. ಇನ್ನೊಂದು ದಾಟಿತು, ಕಾದೆ. ಮೂರನೇದೂ ಇರುತ್ತೆ ಅಂತ ಅವನು ಹೇಳಿರಲಿಲ್ಲ."

"ನಿಮಗ್ಯಾರು ಸಂಜೆ ಓಡಿ ಬನ್ನಿ ಅಂದದ್ದು?" ಎಂದು ರೇಗಿದೆ.

"ನೀನು ಫೋನ್ ಮಾಡ್ತೀಯಲ್ಲ."

"ನಾನು ಮಾಡಿದ್ರೆ? ಹೊಡ್ಕೊಳ್ತಾ ಇರ್ಲಿ, ನಾಳೆ ಎತ್ತಿದ್ರಾಯ್ತು."

"ಖಾಲಿ ಮನೇಲಿ ಅದು ಹೊಡ್ಕೊಳ್ತಾ ಇರುತ್ತೆ ಅಂತ ನೆನೆಸಿಕೊಂಡ್ರೆ ನಂಗೆ ಇಲ್ಲಿ ಕೂರಕ್ಕಾಗಲ್ಲ" ಎಂದರು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಆ ಮನುಷ್ಯ ನನಗೆ ಹೇಳಿದ ಅತಿ ದೊಡ್ಡ ಮಾತು ಅದು. ನಾನು ಅದಕ್ಕೆ ಉತ್ತರವಾಗಿ, "ಕನ್ನಡಕದ ನಂಬರ್ ಇಲ್ಲಿದೆ, ಫ್ಯಾಕ್ಸ್ ಮಾಡಿಸ್ತೀನಿ" ಎಂದೆ. ನನ್ನ ಬಾಯಿಗೆ ಯಾವ ದೇವರು ಬುದ್ಧಿ ಕೊಡುತ್ತಾನೋ.

ಅಂದಿನಿಂದ ಫೋನಿನ ಹೊತ್ತನ್ನು ಬದಲಾಯಿಸಿದೆವು. ಇಲ್ಲಿ ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ, ಅಲ್ಲಿ ಬೆಳಗ್ಗೆ ಏಳಕ್ಕೆ ಮುಂಚೆ. ಮಾತು ಮುಗಿಯುವ ಹೊತ್ತಿಗೆ ಅವರ ಕಿಟಕಿಗೆ ಬಿಸಿಲು ಬರಲು ಶುರು, ಚೆನ್ನಾಗಿ ಬೆಳಕಾದ ಮೇಲೆ ಹೊರಡುವುದು. ಸಂಜೆ ತಡವಾದರೆ ಆಸ್ಪತ್ರೆಯ ಮಂಚವೇ ಗತಿ. ಅಂಥ ದಿನ ಫೋನ್ ಇಲ್ಲ. ಪಂಚಾಂಗವನ್ನು ಕೇಳಲಿಲ್ಲ. ಇಲ್ಲಿ ಆಗತಾನೇ ಬೆಳಕು ಆರುತ್ತಿರುತ್ತದೆ, ನಮ್ಮಿಂದ ಬೀಳ್ಕೊಂಡ ಸೂರ್ಯ ನೆಟ್ಟಗೆ ಅವರ ಅಂಗಳಕ್ಕೆ ಹೋಗುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಒಂದೇ ತೊಂದರೆ, ನಡುಮನೆಯ ಸೋಫಾದಲ್ಲಿ ಪಲ್ಲವಿ.

ಜೂನ್ ಮುಗಿಯಲು ನಮಗೆ ಇನ್ನೊಂದು ದಿನವಿತ್ತು, ಅಲ್ಲಿ ಆಗಲೇ ಕೊನೆಯ ದಿನ. ಅವಳು ಕಾಲು ಮಡಚಿಕೊಂಡು ಜೀವಶಾಸ್ತ್ರದ ಪುಸ್ತಕ ಓದುತ್ತಿದ್ದಳು. ನಾನು ಅವಳಿಗೆ ಬೆನ್ನು ಮಾಡಿ ನಿಂತು ಫೋನ್ ಮಾಡಿದೆ.

"ಪಕ್ಕೆ ಹೇಗಿದೆ?"

"ಪರವಾಗಿಲ್ಲ."

"ತಿಂಡಿ?"

"ಟೋಸ್ಟು."

"ಮತ್ತೆ?"

"ಮತ್ತೇನಿಲ್ಲ. ಇವತ್ತು ಅವರಿಗೆ ಹೇಳಬೇಕು, ಇನ್ನೊಂದು ವರ್ಷದ್ದು."

ಪುಸ್ತಕದ ಹಾಳೆ ಮಗುಚುವ ಸದ್ದು ಹಿಂದೆ ನಿಂತಿತು. ನನಗೆ ಗೊತ್ತು, ಅವಳ ಕನ್ನಡ ಬಾಯಿಗೆ ಬಾರದಿದ್ದರೂ ಕಿವಿಗೆ ಚೆನ್ನಾಗಿ ಬರುತ್ತದೆ. ಐದು ತಿಂಗಳು ಮನೆಯಲ್ಲಿ ಒಂದು ನರಪಿಳ್ಳೆಯಿಲ್ಲದಾಗ ಹೇಳಲಾಗದ್ದು, ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುವಾಗ ಹೇಳುವುದು ಹೇಗೆ? ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದೆ. ಅಲ್ಲಿ ಯಾವುದೋ ಹಕ್ಕಿ ಕೆಟ್ಟ ದನಿಯಲ್ಲಿ ಕೂಗುತ್ತಿತ್ತು.

"ನೋಡಿ," ಎಂದೆ, "ನಿಮ್ಮಿಷ್ಟ ಅಂತ ಅವತ್ತು ಹೇಳಿದ್ದೆನಲ್ಲ, ಅದು ಸುಳ್ಳು. ನನಗೆ ಇಷ್ಟ ಇಲ್ಲ. ನೀವಿಲ್ಲದೆ ನನಗೆ ಇಲ್ಲಿ ಹೊತ್ತೇ ಹೋಗೋದಿಲ್ಲ. ಡಿಸೆಂಬರಿಗೆ ಬಂದುಬಿಡಿ."

ಆ ಕಡೆ ಹಕ್ಕಿಯೂ ಬಾಯಿ ಮುಚ್ಚಿತು. ಆಮೇಲೆ ಅವರು, "ಸರಿ" ಎಂದರು. ಮತ್ತೆ, "ಮೇ ತಿಂಗಳಿಂದ ಕಾಯ್ತಿದ್ದೆ ಕಣೆ, ನೀನು ಅದನ್ನ ಹೇಳ್ತೀಯೇನೋ ಅಂತ" ಎಂದರು. ಫೋನ್ ಇಟ್ಟು ತಿರುಗಿದರೆ ಪಲ್ಲವಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಳು. ಅದರ ಹಿಂದಿನಿಂದ "ಫೈನಲಿ!" ಎಂದು ಒಂದು ಮಾತು ಬಂತು. ಆಮೇಲೆ ಮೂಗು ಎಳೆದುಕೊಳ್ಳುವ ಸದ್ದು ಬಂತು.

ನಾನು ಏನೂ ಕೇಳಿಸದವಳ ಹಾಗೆ ಮಹಡಿಗೆ ಹೋದೆ. ಜನವರಿಯಿಂದ ನಮ್ಮ ಮಂಚದ ಮೇಲೆ ಅವರು ಮಲಗುವ ಕಡೆ ಇಸ್ತ್ರಿಯಾಗದ ಬಟ್ಟೆಯನ್ನು ಒಟ್ಟುತ್ತ ಬಂದಿದ್ದೆ. ಕೇಳಿದವರಿಗೆ ಜಾಗ ಸಾಲದು ಎನ್ನುತ್ತಿದ್ದೆ. ಬೀರುವಿನಲ್ಲಿ ಬೇಕಾದಷ್ಟು ಜಾಗವಿತ್ತು. ಮಗ್ಗುಲಲ್ಲಿ ಗುಡ್ಡೆಯಂಥದ್ದು ಏನಾದರೂ ಇದ್ದರೆ ಕತ್ತಲಲ್ಲಿ ಕೈಗೆ ಸಿಗುತ್ತದಲ್ಲ. ಡಿಸೆಂಬರಿಗೆ ಇನ್ನೂ ಆರು ತಿಂಗಳಿತ್ತು. ಆದರೂ ಅವರು ಇನ್ನೇನು ಮೆಟ್ಟಿಲು ಹತ್ತಿ ಬರುತ್ತಾರೆ ಎನ್ನುವವಳ ಹಾಗೆ ದೀಪ ಹಾಕಿ, ಹಲಗೆ ಬಿಚ್ಚಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ ಚುಚ್ಚಿ, ಗುಡ್ಡೆಯ ಮೇಲಿದ್ದ ದಿಂಬಿನ ಚೀಲದಿಂದ ಶುರು ಮಾಡಿದೆ.